ಗಾಡಿಯ ಹಿಂದಿನ ಅಚ್ಚು ಎಣ್ಣೆ ಸೋರಿದರೆ



ನಮ್ಮ ಉಚಿತ ವಾಚನಾಲಯದ ಮೇಜಿನ ಸುತ್ತ ರವಿವಾರ ಬೆಳಿಗ್ಗೆ ಕೂಡುವವರಲ್ಲಿ ಗುಮಾಸ್ತರು, ಹೋಟೆಲ್ ಕೆಲಸದವರು, ಕಟ್ಟಡ ಕೆಲಸದವರು ಇರುವಂತೆಯೇ ಗಾಡಿ ಓಡಿಸಿ ಹೊಟ್ಟೆ ಹೊರೆಯುವವರೂ ಇದ್ದಾರೆ. ಪತ್ರಿಕೆಗಳನ್ನು ಮಡಿಚಿಟ್ಟ ಮೇಲೆ ಅವರ ಮಾತು ಗಾಡಿಯ ಕಡೆಗೇ ಹೊರಳುತ್ತದೆ. ಕಳೆದ ಮಳೆಗಾಲದಲ್ಲಿ ಇಂಥ ಒಂದು ಮಾತಿನಿಂದ ನಮಗೆ ಒಂದು ಪಾಠ ಸಿಕ್ಕಿತು. ಅದನ್ನು ನಾಲ್ಕು ಜನರಿಗೆ ತಿಳಿಸಿದರೆ ಒಬ್ಬರಿಗಾದರೂ ಉಪಯೋಗವಾದೀತೆಂದು ಈ ಲೇಖನ ಬರೆಯುತ್ತಿದ್ದೇವೆ.

ನಾವು ಇಂಜಿನಿಯರರಲ್ಲ. ಮ್ಯಾಟ್ರಿಕ್ ಮುಗಿಸಿ ನೂಲಿನ ಗಿರಣಿಯೊಂದರ ಸ್ಟೋರ್ಸಿನಲ್ಲಿ ಲೆಕ್ಕ ಬರೆಯುವವರು. ಪರೇಲ್, ಲಾಲಬಾಗಿನ ಗಿರಣಿಗಳ ಭೋಂಗಾ ನಿಂತು ದಶಕಗಳಾದವು. ನಮ್ಮದು ಊರಾಚೆಯ ಗಿರಣಿ. ಅಲ್ಲಿಯ ಫಿಟರ್ ಕಾಕಾ ಹೇಳಿಕೊಟ್ಟದ್ದನ್ನೂ ಕಣ್ಣಾರೆ ಕಂಡದ್ದನ್ನೂ ಮಾತ್ರ ಇಲ್ಲಿ ಬರೆಯುತ್ತೇವೆ.

ಯಾರ ಗಾಡಿಗೆ ಈ ಮಾತು?

ಎಲ್ಲ ಗಾಡಿಗಳಿಗೂ ಇದು ಅನ್ವಯಿಸುವುದಿಲ್ಲ. ಈಗಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರಗಳಿಂದ ಎಳೆಯಲ್ಪಡುತ್ತವೆ. ಅವುಗಳ ಹಿಂದಿನ ಅಚ್ಚಿನೊಳಗೆ ಗೇರುಗಳೂ ಇಲ್ಲ, ಗೇರಿನ ಎಣ್ಣೆಯೂ ಇಲ್ಲ. ಹಿಂದಿನ ಕಾಲದ ಅಂಬಾಸಡರ್ ಮತ್ತು ಪದ್ಮಿನಿ ಕಾರುಗಳಲ್ಲಿ ಹಾಗಿರಲಿಲ್ಲ. ಮುಂದಿನ ಇಂಜಿನ್ನಿನ ಶಕ್ತಿ ಉದ್ದನೆಯ ದಂಡದ ಮೂಲಕ ಹಿಂದಿನ ಅಚ್ಚಿಗೆ ಬರುತ್ತಿತ್ತು. ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ಬಾಡಿಗೆ ಮುಗಿಸಿತು. ಆದರೆ ಆ ಬಗೆಯ ಅಚ್ಚು ಮಾತ್ರ ಮಾಯವಾಗಲಿಲ್ಲ. 2019ರವರೆಗೆ ತಯಾರಾದ ಮಾರುತಿ ಓಮ್ನಿ, 2010ರಲ್ಲಿ ಬಂದ ಈಕೋ, 2005ರಲ್ಲಿ ಬಂದ ಟಾಟಾ ಏಸ್, ಬೊಲೆರೊ ಮೊದಲಾದ ಗಾಡಿಗಳಲ್ಲಿ ಅದೇ ಏರ್ಪಾಟು. ಶಾಲೆಯ ಮಕ್ಕಳು, ಹಾಲಿನ ಕ್ರೇಟು, ಮದುವೆ ಮನೆಯ ಪಾತ್ರೆ, ಕೋಣೆ ಬದಲಿಸುವ ನಮ್ಮಂಥವರ ಗಂಟುಮೂಟೆ, ಎಲ್ಲವೂ ಸಾಗುವುದು ಇಂಥ ಗಾಡಿಗಳಲ್ಲಿಯೇ.

ಗಾಡಿಯ ಹಿಂದೆ ಬಗ್ಗಿ ನೋಡಿದರೆ ಎರಡು ಚಕ್ರಗಳ ನಡುವೆ ಒಂದು ಕಬ್ಬಿಣದ ಕೊಳವೆ, ಅದರ ಮಧ್ಯದಲ್ಲಿ ಕುಂಬಳಕಾಯಿಯಂತೆ ಉಬ್ಬಿದ ಭಾಗ ಕಂಡರೆ ಈ ಲೇಖನ ನಿಮಗಾಗಿಯೇ ಎಂದು ತಿಳಿಯಿರಿ. ಮಿಸ್ತ್ರಿಗಳು ಇದನ್ನು ಹೌಸಿಂಗ್ ಎನ್ನುತ್ತಾರೆ.

ಅಚ್ಚಿನ ಒಳಗೆ ಏನಿದೆ?

ಊರಿನ ಎತ್ತಿನ ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ನಾವೆಲ್ಲರೂ ಬಲ್ಲೆವು. ಹಾಕದಿದ್ದರೆ ಬಂಡಿ ಕಿರುಗುಟ್ಟುತ್ತದೆ, ಅಚ್ಚು ಸವೆಯುತ್ತದೆ. ಮೋಟಾರು ಗಾಡಿಯ ಅಚ್ಚಿಗೂ ಕೀಲೆಣ್ಣೆ ಬೇಕೇ ಬೇಕು. ಆದರೆ ಇಲ್ಲಿ ಎಣ್ಣೆ ಹೊರಗಿಲ್ಲ, ಹೌಸಿಂಗಿನ ಒಳಗೆ ತುಂಬಿರುತ್ತದೆ.

ಉಬ್ಬಿದ ಭಾಗದೊಳಗೆ ಪಿನಿಯನ್ ಎಂಬ ಸಣ್ಣ ಹಲ್ಲಿನ ಗೇರು ಕ್ರೌನ್ ಎಂಬ ದೊಡ್ಡ ಗೇರನ್ನು ತಿರುಗಿಸುತ್ತದೆ. ಅಲ್ಲಿಂದ ಎಡಕ್ಕೊಂದು, ಬಲಕ್ಕೊಂದು ದಂಡ ಹೊರಟು ಚಕ್ರಗಳನ್ನು ತಿರುಗಿಸುತ್ತವೆ. ಈ ಗೇರುಗಳ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಭಾರಿ ಒತ್ತಡದಲ್ಲಿ ಜಾರುತ್ತಲೂ ಇರುತ್ತವೆ. ಆದ್ದರಿಂದ ಇಂಜಿನ್ನಿನ ತೆಳು ಎಣ್ಣೆ ಇಲ್ಲಿ ಸಾಲದು. ಗಂಧಕ ಮೊದಲಾದವುಗಳ ಮದ್ದು ಸೇರಿಸಿದ ಮಂದವಾದ ಗೇರ್ ಎಣ್ಣೆಯೇ ಬೇಕು. ಡಬ್ಬಿಯ ಮೇಲೆ ಸಾಮಾನ್ಯವಾಗಿ ಜಿ.ಎಲ್.-5 ಎಂದೂ 80ಡಬ್ಲ್ಯೂ-90 ಅಥವಾ ಅದರಂಥ ಅಂಕಿಯೂ ಇರುತ್ತದೆ. ನಿಮ್ಮ ಗಾಡಿಗೆ ಯಾವುದೆಂಬುದನ್ನು ಗಾಡಿಯ ಜೊತೆ ಬಂದ ಪುಸ್ತಿಕೆಯಲ್ಲಿ ನೋಡಿಕೊಳ್ಳಬೇಕು.

ದಂಡಗಳು ತಿರುಗುತ್ತಿರುವಾಗ ಎಣ್ಣೆ ಹೊರಗೆ ಬಾರದಂತೆ ತಡೆಯುವುದು ಆಯಿಲ್ ಸೀಲಿನ ಕೆಲಸ. ಅದು ಕಬ್ಬಿಣದ ಬಳೆಗೆ ಅಂಟಿಸಿದ ರಬ್ಬರಿನ ತುಟಿ. ತುಟಿಯ ಹಿಂದೆ ಕೂದಲಿನಂಥ ಸಣ್ಣ ಸ್ಪ್ರಿಂಗ್ ಇದ್ದು, ತಿರುಗುವ ದಂಡದ ಮೇಲೆ ತುಟಿಯನ್ನು ಮೆಲ್ಲಗೆ ಒತ್ತಿ ಹಿಡಿದಿರುತ್ತದೆ. ಇಂಥ ಸೀಲುಗಳು ಮೂರು: ಎರಡು ಚಕ್ರಗಳ ಹತ್ತಿರ ಒಂದೊಂದು, ಮುಂದಿನಿಂದ ದಂಡ ಬಂದು ಸೇರುವ ಪಿನಿಯನ್ ಬಾಯಿಯಲ್ಲಿ ಒಂದು.

ಇನ್ನೊಂದು ವಸ್ತುವಿದೆ. ಹೌಸಿಂಗಿನ ಮೇಲ್ಗಡೆ, ಹೆಬ್ಬೆರಳಿಗಿಂತ ಸಣ್ಣದಾದ ಒಂದು ಟೋಪಿ. ಕೆಲವು ಗಾಡಿಗಳಲ್ಲಿ ಅದಕ್ಕೆ ಒಂದು ರಬ್ಬರಿನ ನಳಿಕೆ ಸಿಕ್ಕಿಸಿರುತ್ತಾರೆ. ಇದರ ಹೆಸರು ಬ್ರೀದರ್, ಅಂದರೆ ಉಸಿರುಗಂಡಿ. ಬೆಲೆಯಲ್ಲಿ ಅತಿ ಅಗ್ಗ, ನೋಡುವವರು ಅತಿ ವಿರಳ. ನಮ್ಮ ಕಥೆಯ ನಾಯಕ ಇದೇ.

ಎರಡು ಸೀಲು, ಮೂರನೆಯ ಸೋರಿಕೆ

ನಮ್ಮ ವಾಚನಾಲಯಕ್ಕೆ ಬರುವ ವಿಜಯಪುರ ಕಡೆಯ ತರುಣರೊಬ್ಬರು ಮಾಲಿಕರೊಬ್ಬರ ಈಕೋ ವ್ಯಾನು ಓಡಿಸುತ್ತಾರೆ. ಒಂದು ರವಿವಾರ ಬಾಡಿದ ಮುಖ ಹೊತ್ತು ಬಂದು ಕುಳಿತರು. ಕೇಳಿದ್ದಕ್ಕೆ, "ಎಡಗಡೆ ಹಿಂದಿನ ಗಾಲಿಗೆ ಎಣ್ಣಿ ಬರತೈತ್ರೀ ಅಣ್ಣಾರ. ತಿಂಗಳದಾಗ ಎರಡು ಸಲ ಸೀಲ್ ಹಾಕಿಸೀನಿ. ಮತ್ತ ಸೋರಾಕತ್ತೈತಿ. ನೀನ ಗಾಡಿ ಹಾಳು ಮಾಡಾಕತ್ತಿ ಅಂತ ಮಾಲಿಕರು ಪಗಾರದಾಗ ಹಿಡಕೊಂಡ್ರು" ಎಂದರು.

ಅವರಿಗೆ ಎರಡು ಹಾನಿ: ಪಗಾರವೂ ಹೋಯಿತು, ಒಳ್ಳೆಯ ಡ್ರೈವರನೆಂಬ ಹೆಸರೂ ಹೋಯಿತು. ಮೂರನೆಯ ಹಾನಿಯೊಂದು ಕಾದಿತ್ತು. ಅದು ಅವರಿಗೆ ಆಗ ಹೊಳೆದಿರಲಿಲ್ಲ. ಅದನ್ನು ಮುಂದೆ ಹೇಳುತ್ತೇವೆ.

ಅವರ ಮಾತು ಕೇಳಿ ನಮಗೆ ನಮ್ಮ ಸ್ಟೋರ್ಸಿನ ಲೆಡ್ಜರು ನೆನಪಾಯಿತು. ಒಂದು ವರ್ಷ ಒಂದೇ ಯಂತ್ರದ ಗೇರ್ ಪೆಟ್ಟಿಗೆಗೆ ಒಂದೇ ತಿಂಗಳಲ್ಲಿ ಮೂರು ಸೀಲು ಖರ್ಚು ಬಿದ್ದಿತ್ತು. ಮೂರನೆಯ ಚೀಟಿ ಬಂದಾಗ ನಾವು ಫಿಟರ್ ಕಾಕಾ ಅವರಿಗೆ ಲೆಡ್ಜರ್ ತೋರಿಸಿದೆವು. ಅವರು ಹೋಗಿ ನೋಡಿದರೆ, ಯಂತ್ರಕ್ಕೆ ಬಣ್ಣ ಬಳಿದವರು ಗೇರ್ ಪೆಟ್ಟಿಗೆಯ ಉಸಿರುಗಂಡಿಯ ಮೇಲೂ ಬಣ್ಣ ಬಳಿದುಬಿಟ್ಟಿದ್ದರು! ಬಣ್ಣ ಕೆರೆದ ಮೇಲೆ ಹಾಕಿದ ಸೀಲಿಗೆ ನಾಲ್ಕನೆಯ ಚೀಟಿ ಬರಲಿಲ್ಲ. ಒಂದೇ ವಸ್ತು ಒಂದೇ ಜಾಗಕ್ಕೆ ಮತ್ತೆ ಮತ್ತೆ ಖರ್ಚಾದರೆ ತಪ್ಪು ಆ ವಸ್ತುವಿನದಲ್ಲ, ಕಾರಣ ಬೇರೆಲ್ಲೋ ಇದೆ ಎಂಬುದು ಗುಮಾಸ್ತನಿಗೂ ತಿಳಿಯುವ ಲೆಕ್ಕ.

ಕಾಕಾ ಅವರನ್ನು ಬೇಡಿಕೊಂಡೆವು. ಮುಂದಿನ ರವಿವಾರ ಅವರು ತಮ್ಮ ಪಾನಾ ಪೆಟ್ಟಿಗೆ ಹಿಡಿದು ಬಂದೇ ಬಂದರು. ಗಾಡಿಯ ಕೆಳಗೆ ಮಲಗಿ, ಹೌಸಿಂಗಿನ ಮೇಲೆ ಕೈಯಾಡಿಸಿ, ನಕ್ಕರು. "ತಮ್ಮಾ, ಸೀಲಿಂದೇನೂ ತಪ್ಪಿಲ್ಲೋ. ಹೌಸಿಂಗಿಗೆ ಉಸಿರು ಕಟ್ಟೇತಿ" ಎಂದರು. ಉಸಿರುಗಂಡಿಯ ಮೇಲೆ ಕೆಸರು ಒಣಗಿ ಇಟ್ಟಿಗೆಯಂತಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಎರಡು ಸಲ ಸೀಲಿಗೆ ಶಿಕ್ಷೆಯಾಗಿತ್ತು.

ಉಸಿರು ಕಟ್ಟಿದರೆ ಏಕೆ ಸೋರುತ್ತದೆ?

ಗಾಡಿ ಓಡಿದಂತೆಲ್ಲ ಗೇರುಗಳ ತಿಕ್ಕಾಟದಿಂದ ಹೌಸಿಂಗ್ ಬಿಸಿಯಾಗುತ್ತದೆ. ಒಳಗೆ ಎಣ್ಣೆಯ ಮೇಲಿರುವ ಗಾಳಿಯೂ ಬಿಸಿಯಾಗಿ ಹಿಗ್ಗುತ್ತದೆ. ಬೆಳಿಗ್ಗೆ 30 ಡಿಗ್ರಿ ಇದ್ದದ್ದು ಮಧ್ಯಾಹ್ನಕ್ಕೆ 80 ಡಿಗ್ರಿಗೆ ಏರಿತೆಂದು ಇಟ್ಟುಕೊಳ್ಳೋಣ. ಶಾಲೆಯಲ್ಲಿ ಕಲಿತ ಅನಿಲದ ನಿಯಮದಂತೆ ಎರಡಕ್ಕೂ 273 ಕೂಡಿಸಿದರೆ 303 ಮತ್ತು 353. ಗಾಳಿಗೆ ಹೊರಹೋಗಲು ದಾರಿಯಿಲ್ಲದಿದ್ದರೆ ಒತ್ತಡವೂ ಇದೇ ಪ್ರಮಾಣದಲ್ಲಿ, ಅಂದರೆ ಸುಮಾರು ಆರರಲ್ಲಿ ಒಂದು ಪಾಲಿನಷ್ಟು ಏರುತ್ತದೆ. ಚದರ ಅಂಗುಲಕ್ಕೆ ಎರಡು ಪೌಂಡಿಗೂ ಹೆಚ್ಚು! ಟಾಯರಿನ 30 ಪೌಂಡಿನ ಮುಂದೆ ಇದು ಅಲ್ಪವೆಂದು ತೋರಬಹುದು. ಆದರೆ ಸೀಲಿನ ತುಟಿ ಚಿಮ್ಮುವ ಎಣ್ಣೆಯನ್ನು ತಡೆಯಲು ಮಾಡಿದ್ದೇ ಹೊರತು ಒಳಗಿನಿಂದ ಗಾಳಿ ನೂಕುವುದನ್ನು ದಿನವಿಡೀ ತಡೆದು ನಿಲ್ಲಲು ಮಾಡಿದ್ದಲ್ಲ. ಎಲ್ಲಿ ಹಿಡಿತ ಸಡಿಲವೋ ಅಲ್ಲಿ ಎಣ್ಣೆ ಹೊರಬೀಳುತ್ತದೆ.

ಉಸಿರುಗಂಡಿ ಸರಿಯಿದ್ದರೆ ಹಿಗ್ಗಿದ ಗಾಳಿ ಅಲ್ಲಿಂದ ಹೊರಹೋಗುತ್ತದೆ. ರಾತ್ರಿ ತಣಿದಾಗ ಹೊರಗಿನ ಗಾಳಿ ಅಲ್ಲಿಂದಲೇ ಒಳಬರುತ್ತದೆ. ಮನುಷ್ಯನ ಉಸಿರಾಟದಂತೆಯೇ.

ಇಲ್ಲಿ ಮುಂಬಯಿಯ ಡ್ರೈವರರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ದಾದರಿನ ಹಿಂದಮಾತಾ ಚೌಕದಲ್ಲೋ ಮಿಲನ್ ಸಬ್‌ವೇಯಲ್ಲೋ ನೀರು ತುಂಬಿದಾಗ, ಓಡಿ ಬಿಸಿಯಾದ ಅಚ್ಚು ಫಕ್ಕನೆ ನೀರಿನಲ್ಲಿ ಮುಳುಗುತ್ತದೆ. ಒಳಗಿನ ಗಾಳಿ ತಣಿದು ಕುಗ್ಗುತ್ತದೆ. ಆಗ ಅಚ್ಚು ಉಸಿರೆಳೆದುಕೊಳ್ಳುತ್ತದೆ. ಗಂಡಿಯ ಸುತ್ತ ನೀರಿದ್ದರೆ ನೀರನ್ನೇ ಎಳೆದುಕೊಳ್ಳುತ್ತದೆ! ಗಂಡಿ ಮುಚ್ಚಿದ್ದರೆ ಸೀಲಿನ ಸಂದಿಯಿಂದ ಎಳೆದುಕೊಳ್ಳುತ್ತದೆ. ಎಣ್ಣೆ ಮತ್ತು ನೀರು ಕಡೆದು ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗುತ್ತದೆ. ಆ ಎಣ್ಣೆಯಿಂದ ಬೇರಿಂಗಿಗೆ ತುಕ್ಕು, ಗೇರಿಗೆ ಸವೆತ. ಆದ್ದರಿಂದ ಅಚ್ಚು ಮುಳುಗುವಷ್ಟು ನೀರಿನಲ್ಲಿ ಹೋಗಿದ್ದರೆ ಮರುದಿನವೇ ಎಣ್ಣೆಯ ಬಣ್ಣ ನೋಡಬೇಕು. ಬೆಳ್ಳಗಾಗಿದ್ದರೆ ಪೂರ್ತಿ ಬದಲಿಸಲೇಬೇಕು.

ಸೋರುವುದು ಎಲ್ಲಿಂದ?

ಕಾರಣ ಯಾವಾಗಲೂ ಉಸಿರುಗಂಡಿಯೇ ಎಂದು ನಮ್ಮ ಮಾತಿನ ಅರ್ಥವಲ್ಲ. ಮೊದಲು ಸೋರುವ ಜಾಗವನ್ನು ಕಂಡುಹಿಡಿಯಬೇಕು. ಗಾಡಿ ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಗೇರ್ ಪೆಟ್ಟಿಗೆಯ ಎಣ್ಣೆಯೂ ಹಾರಿ ಬಂದು ಅಚ್ಚಿಗೆ ಅಂಟಿಕೊಳ್ಳಬಹುದು. ಒದ್ದೆ ಕಂಡಲ್ಲೇ ತೂತು ಇದೆ ಎನ್ನಲಾಗದು.

ಕಾಕಾ ಅವರ ಉಪಾಯ ಇದು. ಹೌಸಿಂಗನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿದ ಅರಿವೆಯಿಂದ ಒರೆಸಿ, ಸಾಬೂನು ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಿ. ಬ್ರೇಕಿನ ಭಾಗಕ್ಕೆ ಡೀಸೆಲ್ ತಾಗದಂತೆ ಎಚ್ಚರವಿರಲಿ. ಒಣಗಿದ ಹೌಸಿಂಗಿಗೆ ಮೈಗೆ ಹಚ್ಚುವ ಪೌಡರನ್ನು ಉದುರಿಸಿ. ಹತ್ತಿಪ್ಪತ್ತು ಕಿಲೋಮೀಟರು ಓಡಿಸಿ ಬಂದು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕೆಳಗೆ ಹಳೆಯ ರಟ್ಟು ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ಪೌಡರಿನ ಮೇಲಿನ ಕಪ್ಪು ಗೆರೆ ಎಲ್ಲಿಂದ ಹೊರಟಿದೆಯೋ ಅದೇ ಸೋರುವ ಜಾಗ. ನೋಡುವುದು ಯಾವಾಗಲೂ ಮೇಲಿನಿಂದ ಕೆಳಕ್ಕೆ. ಏಕೆಂದರೆ ಎಣ್ಣೆ ಕೆಳಕ್ಕೆ ಇಳಿಯುತ್ತದೆ.

ಜಾಗಗಳು ಐದು.

ಒಂದು: ಹೌಸಿಂಗಿನ ಮೇಲೆ, ಉಸಿರುಗಂಡಿಯ ಸುತ್ತ ಜಿಡ್ಡು. ಎಣ್ಣೆ ಅಳತೆಗಿಂತ ಹೆಚ್ಚು ತುಂಬಿದ್ದರೆ ಹೀಗಾಗುತ್ತದೆ.

ಎರಡು: ಹಿಂದಿನ ಅಥವಾ ಮುಂದಿನ ಬಿರಡೆಯ ಕೆಳಗೆ ಹನಿ. ಎಣ್ಣೆ ತುಂಬುವ ಬಿರಡೆ, ಎಣ್ಣೆ ಬಿಡುವ ತಳದ ಬಿರಡೆ ಎಂದು ಎರಡಿರುತ್ತವೆ. ವಾಷರು ಸವೆದಿರಬಹುದು ಅಥವಾ ಬಿರಡೆ ಸಡಿಲವಿರಬಹುದು. ಇದು ಅತಿ ಸುಲಭದ ರಿಪೇರಿ.

ಮೂರು: ಉಬ್ಬಿದ ಭಾಗದ ಜೋಡಣೆಯ ಗೆರೆಯಲ್ಲಿ ಒದ್ದೆ. ನಡುವಿನ ಪ್ಯಾಕಿಂಗ್ ಕೆಟ್ಟಿದೆ ಅಥವಾ ಬೋಲ್ಟು ಸಡಿಲವಾಗಿದೆ.

ನಾಲ್ಕು: ಮುಂದಿನಿಂದ ದಂಡ ಬಂದು ಸೇರುವಲ್ಲಿ ಒದ್ದೆ, ಅದರ ನೇರಕ್ಕೆ ಗಾಡಿಯ ತಳದ ತಗಡಿನ ಮೇಲೆ ಅಡ್ಡಗೆರೆಯಂತೆ ಸಿಡಿದ ಎಣ್ಣೆ. ಇದು ಪಿನಿಯನ್ ಸೀಲು.

ಐದು: ಚಕ್ರದ ಒಳಮೈಯಲ್ಲಿ, ಬ್ರೇಕ್ ಡ್ರಮ್ಮಿನ ಹಿಂದಿನ ತಟ್ಟೆಯ ಕೆಳಗೆ ಜಿಡ್ಡು, ಟಾಯರಿನ ಒಳಬದಿಗೆ ಸೂರ್ಯನ ಕಿರಣದಂತೆ ಗೆರೆಗಳು. ಇದು ಚಕ್ರದ ಸೀಲು. ಎಲ್ಲಕ್ಕಿಂತ ಅಪಾಯದ್ದು ಇದೇ.

ಐದನೆಯ ಜಾಗದಲ್ಲಿ ಇನ್ನೊಂದು ಮೋಸವಿದೆ. ಅಲ್ಲಿಯೇ ಬ್ರೇಕಿನ ಸಿಲಿಂಡರೂ ಇರುವುದರಿಂದ ಸೋರುತ್ತಿರುವುದು ಗೇರ್ ಎಣ್ಣೆಯಲ್ಲದೆ ಬ್ರೇಕ್ ಆಯಿಲ್ ಆಗಿರಬಹುದು. ಪರೀಕ್ಷೆ ಸುಲಭ. ಒಂದು ಗಾಜಿನ ಲೋಟದ ನೀರಿಗೆ ಒಂದು ಹನಿ ಬಿಡಿ. ಗೇರ್ ಎಣ್ಣೆಯಾದರೆ ಮೇಲೆ ತೇಲುತ್ತದೆ. ಮಂದವಾಗಿದ್ದು ಗಂಧಕದ ಕೆಟ್ಟ ವಾಸನೆ ಬರುತ್ತದೆ. ಸಾಧಾರಣವಾಗಿ ಬಳಸುವ ಬ್ರೇಕ್ ಆಯಿಲ್ ಆದರೆ ನೀರಿನಲ್ಲಿ ಕರಗಿಹೋಗುತ್ತದೆ. ಬಾನೆಟ್ಟಿನ ಕೆಳಗಾಗಲಿ ಸೀಟಿನ ಹತ್ತಿರವಾಗಲಿ ಇರುವ ಬ್ರೇಕ್ ಆಯಿಲಿನ ಡಬ್ಬಿಯ ಮಟ್ಟವೂ ಇಳಿದಿರುತ್ತದೆ. ಅಂಥ ಗಾಡಿಯನ್ನು ಒಂದು ಫರ್ಲಾಂಗೂ ಓಡಿಸಬಾರದು. ಲೋಟವನ್ನು ಮತ್ತೆ ಚಹಕ್ಕೆ ಬಳಸಬೇಡಿರಿ!

ದುರಸ್ತಿಯ ಕ್ರಮ

ಮೊದಲು ಜೀವದ ಜೋಪಾನ. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು. ಹ್ಯಾಂಡ್ ಬ್ರೇಕು ಹಿಂದಿನ ಚಕ್ರಗಳನ್ನು ಹಿಡಿಯುವುದು. ಹಿಂದಿನ ಚಕ್ರ ಎತ್ತಿದ ಮೇಲೆ ಅದು ಗಾಡಿಯನ್ನು ಹಿಡಿದು ನಿಲ್ಲಿಸದು. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಇಟ್ಟು, ಹಿಂದೆ ಗಟ್ಟಿ ಕಬ್ಬಿಣದ ಸ್ಟ್ಯಾಂಡು ಕೊಟ್ಟ ಮೇಲೆಯೇ ಕೆಲಸ. ಇಟ್ಟಿಗೆ ನಂಬಬಾರದು, ಫಕ್ಕನೆ ಒಡೆಯುತ್ತದೆ.

ಆಮೇಲೆ ಖರ್ಚಿಲ್ಲದ್ದರಿಂದ ಖರ್ಚಿನದಕ್ಕೆ ಹೋಗಬೇಕು. ಉಸಿರುಗಂಡಿಯನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಅದರ ಟೋಪಿ ಆಡುತ್ತದೆಯೇ, ಗಾಳಿ ಹೋಗುತ್ತದೆಯೇ ನೋಡಿ. ಬಿಚ್ಚುವ ಮೊದಲು ಸುತ್ತಲಿನ ಕೆಸರು ಒರೆಸಿರಿ. ಇಲ್ಲವಾದರೆ ಅದು ಒಳಗೆ ಬೀಳುತ್ತದೆ. ನಳಿಕೆ ಇದ್ದರೆ ಅದು ಮಡಚಿ ಕಟ್ಟಿಕೊಂಡಿಲ್ಲವಷ್ಟೇ ಎಂದು ನೋಡಿರಿ.

ಎರಡನೆಯದು ಎಣ್ಣೆಯ ಮಟ್ಟ. ಗಾಡಿ ಸಮತಟ್ಟಾಗಿ ನಿಂತು ತಣಿದಿರುವಾಗ ತುಂಬುವ ಬಿರಡೆ ತೆಗೆದರೆ ಎಣ್ಣೆ ಸಾಮಾನ್ಯವಾಗಿ ತೂತಿನ ಕೆಳ ಅಂಚಿಗೆ ಸರಿಯಾಗಿರಬೇಕು. ಹೆಚ್ಚಿದ್ದರೆ ತಾನೇ ಹರಿದು ಬರುತ್ತದೆ, ಬರಲು ಬಿಡಿ. ಕಡಿಮೆಯಿದ್ದರೆ ತುಂಬಿಸಿ. ಎಣ್ಣೆ ಬದಲಿಸುವುದಾದರೆ ಒಂದು ನಿಯಮ ಮರೆಯಬಾರದು: ಮೊದಲು ಮೇಲಿನ ತುಂಬುವ ಬಿರಡೆ ಬಿಚ್ಚಬೇಕು, ಆಮೇಲೆ ತಳದ್ದು. ತಳದ್ದನ್ನು ಬಿಚ್ಚಿ ಎಣ್ಣೆಯೆಲ್ಲ ಬಿಟ್ಟ ಮೇಲೆ ಮೇಲಿನದು ತುಕ್ಕು ಹಿಡಿದು ಕದಲದಿದ್ದರೆ ಗಾಡಿ ಅಲ್ಲಿಯೇ ಕೂತುಬಿಡುತ್ತದೆ. ಹಳೆಯ ಎಣ್ಣೆಯನ್ನು ಡಬ್ಬಿಯಲ್ಲಿ ಹಿಡಿದು ಕೊಳ್ಳುವವರಿಗೆ ಕೊಡಬೇಕು, ಗಟಾರಕ್ಕೆ ಚೆಲ್ಲಬಾರದು.

ಇಷ್ಟನ್ನು ನಾವು ನೀವು ಮಾಡಬಹುದು. ಸೀಲು ಬದಲಿಸುವುದು ಮಿಸ್ತ್ರಿಯ ಕೆಲಸ. ಆದರೆ ಮಿಸ್ತ್ರಿ ಏನು ಮಾಡಬೇಕೆಂಬುದು ನಮಗೆ ಗೊತ್ತಿದ್ದರೆ ಪಕ್ಕದಲ್ಲಿ ನಿಂತು ಕೇಳಬಹುದು. ಈಕೋದಂಥ ಗಾಡಿಯಲ್ಲಿ ಚಕ್ರ, ಡ್ರಮ್ಮು ಬಿಚ್ಚಿ, ತಟ್ಟೆಯ ಹಿಂದಿನ ನಟ್ಟುಗಳನ್ನು ತೆಗೆದು, ದಂಡವನ್ನು ಬೇರಿಂಗ್ ಸಮೇತ ಹೊರಗೆಳೆಯುತ್ತಾರೆ. ಸೀಲು ಹೌಸಿಂಗಿನ ಬಾಯಿಯಲ್ಲಿ ಉಳಿಯುತ್ತದೆ. ಆಗ ನಾಲ್ಕು ಪ್ರಶ್ನೆ ಕೇಳಬೇಕು.

"ಬೇರಿಂಗ್ ಹೇಗಿದೆ?" ಬೇರಿಂಗ್ ಸವೆದಿದ್ದರೆ ದಂಡ ಅಲುಗಾಡುತ್ತದೆ, ಅಲುಗಾಡುವ ದಂಡದ ಮೇಲೆ ಹೊಸ ಸೀಲೂ ನಿಲ್ಲದು. ಚಕ್ರವನ್ನು ಎತ್ತಿದಾಗ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಿಸಿದರೆ ಇದರ ಸುಳಿವು ಮೊದಲೇ ಸಿಗುತ್ತದೆ.

"ದಂಡದ ಮೇಲೆ ಗೀರು ಬಿದ್ದಿದೆಯೇ?" ವರ್ಷಗಟ್ಟಲೆ ತುಟಿ ಉಜ್ಜಿದ ಜಾಗದಲ್ಲಿ ದಂಡವೂ ಸವೆದು ಸಣ್ಣ ಕಾಲುವೆಯಾಗುತ್ತದೆ. ಉಗುರು ಎಳೆದರೆ ಸಿಕ್ಕಿಕೊಂಡಿತೆಂದರೆ ಹೊಸ ಸೀಲು ಹಾಕಿ ಫಲವಿಲ್ಲ. ಆ ಜಾಗಕ್ಕೆ ತೆಳುವಾದ ಉಕ್ಕಿನ ಬಳೆ ಏರಿಸಬೇಕು ಅಥವಾ ದಂಡ ಬದಲಿಸಬೇಕು.

"ಸೀಲಿನ ಮೋರೆ ಯಾವ ಕಡೆ?" ಸ್ಪ್ರಿಂಗ್ ಇರುವ ಮೋರೆ ಎಣ್ಣೆಯ ಕಡೆಗೆ, ಅಂದರೆ ಒಳಕ್ಕೆ ಇರಬೇಕು. ತುಟಿಗೆ ಎಣ್ಣೆ ಹಚ್ಚಿ, ಸೀಲಿನಷ್ಟೇ ಅಗಲದ ಕೊಳವೆ ಇಟ್ಟು ಸಮನಾಗಿ ತಟ್ಟಿ ಕೂಡಿಸಬೇಕು. ಒಂದು ಬದಿಗೆ ಸುತ್ತಿಗೆ ಹೊಡೆದು ಓರೆಯಾಗಿ ಕೂಡಿಸಿದ ಸೀಲು ಹೊಸದಾದರೂ ಹಳೆಯದೇ. ದಂಡವನ್ನು ಮತ್ತೆ ಒಳಗೆ ಹಾಕುವಾಗ ಅದರ ಹಲ್ಲುಗಳು ತುಟಿಗೆ ತಾಗಿ ಸೀಳದಂತೆ ಎತ್ತಿ ಹಿಡಿಯಬೇಕು.

"ಬೇರಿಂಗ್ ಬದಲಿಸಿದರೆ ಬಳೆ ಹೊಸದೇ?" ಬೇರಿಂಗನ್ನು ದಂಡದ ಮೇಲೆ ಹಿಡಿದಿಡುವ ಬಳೆಯನ್ನು ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿರುತ್ತಾರೆ. ಒಮ್ಮೆ ತೆಗೆದ ಬಳೆಯನ್ನು ಮತ್ತೆ ಹಾಕಬಾರದು. ಇಂಥ ಅಚ್ಚಿನಲ್ಲಿ ಚಕ್ರ ಹೊರಗೆ ಬಾರದಂತೆ ಹಿಡಿದಿರುವುದು ಆ ಬಳೆಯೇ. ಅದು ಸಡಿಲಿಸಿದರೆ ದಂಡದ ಸಮೇತ ಚಕ್ರವೇ ಹೊರಬೀಳಬಹುದು.

ಪಿನಿಯನ್ ಸೀಲಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಲ್ಲಿಯ ದೊಡ್ಡ ನಟ್ಟನ್ನು ಎಷ್ಟು ಬಿಗಿಯಬೇಕೆಂಬುದಕ್ಕೆ ಅಳತೆ ಇದೆ; ಒಳಗಿನ ಬೇರಿಂಗುಗಳ ಬಿಗಿತ ಅದನ್ನೇ ಅವಲಂಬಿಸಿದೆ. ಕೈಬಲದಿಂದ ಬಿಗಿದರೆ ಸೋರಿಕೆ ನಿಂತೀತು, ಆದರೆ ಕೆಲವು ದಿನಗಳಲ್ಲಿ ಅಚ್ಚು ಊಳಿಡತೊಡಗುತ್ತದೆ. ಅಳತೆಯ ಪಾನಾ ಇರುವ ಗ್ಯಾರೇಜಿಗೇ ಒಯ್ಯುವುದು ಲೇಸು.

ಎಲ್ಲಕ್ಕಿಂತ ದೊಡ್ಡ ಮಾತು

ಈಗ ಮೊದಲು ಹೇಳಿದ ಮೂರನೆಯ ಹಾನಿಗೆ ಬರೋಣ. ಕಾಕಾ ಅವರು ಆ ವ್ಯಾನಿನ ಎಡ ಡ್ರಮ್ಮು ಬಿಚ್ಚಿದಾಗ ಒಳಗಿನ ಲೈನರ್ ಎಣ್ಣೆ ಕುಡಿದು ಕಪ್ಪಗೆ ಮಿನುಗುತ್ತಿತ್ತು. ಎರಡು ಸಲ ಸೀಲು ಹಾಕಿದ ಮಿಸ್ತ್ರಿ ಪ್ರತಿಸಲವೂ ಅದನ್ನು ಪೆಟ್ರೋಲಿನಲ್ಲಿ ತೊಳೆದು, ಉಜ್ಜಿ, ಅದನ್ನೇ ಹಾಕಿದ್ದ. ತರುಣರು ಆಗ ಹೇಳಿದರು: "ಹೌದ್ರೀ, ಬ್ರೇಕ್ ಹಾಕಿದ್ರ ಗಾಡಿ ಒಂದ ಕಡೆ ಎಳೀತಿತ್ತು. ಮಳಿಗೆ ಅಂತ ತಿಳಿದಿದ್ದೆ." ಆ ಗಾಡಿಯಲ್ಲಿ ದಿನವೂ ಬೆಳಿಗ್ಗೆ ಶಾಲೆಯ ಮಕ್ಕಳು ಕೂಡುತ್ತಿದ್ದರು. ಕೇಳಿ ನಮ್ಮ ಎದೆ ಧಸಕ್ಕೆಂದಿತು.

ಲೈನರ್ ಸ್ಪಂಜಿನಂತೆ ಎಣ್ಣೆ ಹೀರುತ್ತದೆ. ಮೇಲ್ಮೈ ತೊಳೆದರೆ ಒಣಗಿದಂತೆ ಕಾಣುತ್ತದೆ. ಬ್ರೇಕ್ ಹಿಡಿದು ಬಿಸಿಯಾದೊಡನೆ ಒಳಗಿನ ಎಣ್ಣೆ ಮತ್ತೆ ಹೊರಬರುತ್ತದೆ. ಒಂದು ಚಕ್ರ ಹಿಡಿದು ಇನ್ನೊಂದು ಹಿಡಿಯದಿದ್ದರೆ ಒದ್ದೆ ರಸ್ತೆಯಲ್ಲಿ ಗಾಡಿಯ ಹಿಂಭಾಗ ಪಕ್ಕಕ್ಕೆ ತಿರುಗುತ್ತದೆ. ಖಂಡಾಳಾ ಘಾಟಿನ ಇಳಿಜಾರಿನಲ್ಲಿ ಹಾಗಾದರೆ ಏನು ಗತಿ? ಹ್ಯಾಂಡ್ ಬ್ರೇಕು ಕೂಡ ಅದೇ ಲೈನರನ್ನು ನಂಬಿರುವುದರಿಂದ ಅದೂ ಕೈಕೊಡುತ್ತದೆ.

ಆದ್ದರಿಂದ ನಿಯಮ ಒಂದೇ: ಎಣ್ಣೆ ತಾಗಿದ ಲೈನರನ್ನು ಬದಲಿಸಲೇಬೇಕು, ಅದೂ ಒಂದು ಕಡೆಯದಲ್ಲ, ಎಡ ಬಲ ಎರಡೂ ಕಡೆಯವನ್ನು ಜೊತೆಯಾಗಿ. ಡ್ರಮ್ಮನ್ನು ಬ್ರೇಕ್ ತೊಳೆಯುವ ದ್ರವದಿಂದ ಒರೆಸಬೇಕು. ಬ್ರೇಕಿನ ಧೂಳನ್ನು ಬಾಯಿಂದ ಊದಬಾರದು, ಗಾಳಿಯ ನಳಿಕೆಯಿಂದಲೂ ಹಾರಿಸಬಾರದು. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಅರಿವೆಯಿಂದ ಒರೆಸಿ ತೆಗೆಯಬೇಕು. ಬಿರಡೆಯ ಸೋರಿಕೆಯಿದ್ದರೆ ಎಣ್ಣೆಯ ಮಟ್ಟ ನೋಡಿಕೊಂಡು ನಾಲ್ಕು ದಿನ ಓಡಿಸಬಹುದು. ಚಕ್ರದ ಸೀಲು ಸೋರಿ ಬ್ರೇಕಿಗೆ ಎಣ್ಣೆ ತಾಗಿದ ಗಾಡಿಯನ್ನು ನಾಲ್ಕು ಗಂಟೆಯೂ ಓಡಿಸಬಾರದು, ಮಾಲಿಕ ಎಷ್ಟೇ ಅವಸರ ಮಾಡಲಿ.

ಮುಗಿಸುವ ಮುನ್ನ

ಆ ರವಿವಾರ ಕುರ್ಲಾದ ಸಿ.ಎಸ್.ಟಿ. ರಸ್ತೆಯಿಂದ ಹೊಸ ಸೀಲು ಮತ್ತು ಎರಡೂ ಕಡೆಯ ಲೈನರ್ ತರಿಸಿ, ದಂಡ ನೋಡಿ, ಬೇರಿಂಗ್ ನೋಡಿ, ಎರಡೂ ಸರಿಯಿದ್ದುದರಿಂದ ಅವನ್ನೇ ಉಳಿಸಿ, ಉಸಿರುಗಂಡಿ ತೊಳೆದು ಹಾಕಿ, ಸಂಜೆಗೆ ಗಾಡಿ ಇಳಿಸಿದೆವು. ಕಾಕಾ ಅವರು ಕೂಲಿ ತೆಗೆದುಕೊಳ್ಳಲಿಲ್ಲ; ಒಂದು ಚಹ, ಎರಡು ಬನ್ನು, ಅಷ್ಟೇ. ಮಾಲಿಕರನ್ನು ಕರೆದು ಒಣಕೆಸರು ತುಂಬಿದ ಗಂಡಿಯನ್ನು ತೋರಿಸಲು ಅದನ್ನು ತೊಳೆಯುವ ಮೊದಲೇ ತರುಣರು ಫೋನಿನಲ್ಲಿ ಚಿತ್ರ ತೆಗೆದುಕೊಂಡಿದ್ದರು. ಮಾಲಿಕರು ಚಿತ್ರ ನೋಡಿ ಸುಮ್ಮನಾದರು. ಹಿಡಿದ ಪಗಾರದಲ್ಲಿ ಅರ್ಧ ಮರಳಿ ಬಂತು. ಉಳಿದರ್ಧ ಇಂದಿಗೂ ಬಂದಿಲ್ಲ. ಆದರೆ ಮಳೆಗಾಲ ಕಳೆದರೂ ಎಡ ಚಕ್ರ ಒಣಗಿಯೇ ಇದೆ.

ಗುಮಾಸ್ತರಾದ ನಾವು ಗಾಡಿಯ ಬಂಧುಗಳಿಗೆ ಹೇಳುವುದು ಒಂದೇ ಮಾತು. ಕಿಸೆಯಲ್ಲಿ ಒಂದು ಸಣ್ಣ ನೋಟುಬುಕ್ಕು ಇಡಿರಿ. ಯಾವ ದಿನ, ಎಷ್ಟು ಕಿಲೋಮೀಟರಿಗೆ, ಯಾವ ಭಾಗ ಬದಲಿಸಿದ್ದು, ಎಷ್ಟು ಖರ್ಚು, ನಾಲ್ಕೇ ಕಾಲಮು. ಬದಲಿಸಿದ ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳಿರಿ. ಒಂದೇ ಸಾಲು ಎರಡನೆಯ ಸಲ ಬಂದರೆ ಮೂರನೆಯ ಸಲಕ್ಕೆ ಹಣ ತೆಗೆಯಬೇಡಿರಿ, ನಿಂತು, "ಇದು ಏಕೆ ಕೆಟ್ಟಿತು?" ಎಂದು ಕೇಳಿರಿ. ಮಾಲಿಕನ ಮುಂದೆ ನಿಂತಾಗ ಬಾಯಿಮಾತಿಗಿಂತ ಬರೆದಿಟ್ಟ ಲೆಕ್ಕಕ್ಕೆ ಬೆಲೆ ಹೆಚ್ಚು.

ಸೋರುವ ಜಾಗಗಳ ಚಿತ್ರವೊಂದನ್ನು ಕೈಯಿಂದ ಬರೆದು ವಾಚನಾಲಯದ ಬಾಗಿಲ ಬಳಿಯ ಫಲಕಕ್ಕೆ ಹಚ್ಚಿದ್ದೇವೆ. ಬೇಕಾದವರು ನಕಲು ಮಾಡಿಕೊಳ್ಳಬಹುದು. ಫಲಕದಿಂದ ಹರಿದುಕೊಂಡು ಹೋಗಬಾರದಾಗಿ ವಿನಂತಿ.